ಅಲಗಿನ ಬುಡದಲ್ಲಿ 1908, ಅಲಗಿನ ಉದ್ದ 10 ಅಂಗುಲ: ಒಂದು ಅಮೆರಿಕನ್ ಬಯೊನೆಟ್‌ನ ಕಾಲನಿರ್ಣಯ

ಪರೀಕ್ಷೆಗೆ ಬಂದದ್ದು ಕಪ್ಪು ಪ್ಲಾಸ್ಟಿಕ್ ಹಿಡಿಯ ಒಂದು ಅಮೆರಿಕನ್ ಬಯೊನೆಟ್, ಅಂದರೆ ರೈಫಲ್ಲಿನ ತುದಿಗೆ ಸಿಕ್ಕಿಸುವ ಚಾಕು. ಮಾಸಿದ ಹಸಿರು ಬಣ್ಣದ ಫೈಬರ್ ಒರೆಯೊಳಗಿತ್ತು. ಜೊತೆಗಿದ್ದ ಚೀಟಿಯಲ್ಲಿ ಮೂರು ಮಾತು: 1908ರದ್ದು, ಮೊದಲನೇ ಮಹಾಯುದ್ಧದ ಕಂದಕಗಳಲ್ಲಿ ಬಳಸಿದ್ದು, ಎಲ್ಲ ಭಾಗಗಳೂ ಮೂಲದವು. ಅಲಗಿನ ಬುಡದಲ್ಲಿ 1908 ಎಂಬ ಅಚ್ಚು ಇದ್ದದ್ದು ನಿಜ. ಆದರೆ ಪರೀಕ್ಷೆ ಮುಗಿದಾಗ ಮೂರು ಮಾತಿನಲ್ಲಿ ಅರ್ಧ ಮಾತಷ್ಟೇ ನಿಂತಿತು: ಅಲಗಿನ ಉಕ್ಕು 1908ರದ್ದು. ಉಳಿದ ರೂಪವೆಲ್ಲ ಮೂವತ್ತೈದು ವರ್ಷ ಈಚಿನದು.

ಹಳೆಯ ಬಯೊನೆಟ್‌ಗಳಲ್ಲಿ ಪದೇ ಪದೇ ಆಗುವ ತಪ್ಪು ಇದೇ. ಇಸವಿ ಕಣ್ಣಿಗೆ ಬಿದ್ದ ಕೂಡಲೇ ಅದನ್ನು ಇಡೀ ವಸ್ತುವಿಗೆ ಅಂಟಿಸಿಬಿಡುತ್ತೇವೆ. ಆ ಇಸವಿ ಹೇಳುವುದು ಅಚ್ಚು ಒತ್ತಿದ ದಿನ ಆ ಉಕ್ಕಿನ ತುಂಡು ಏನಾಗಿತ್ತು ಎಂಬುದನ್ನು ಮಾತ್ರ. ಅಲಗು, ಮೊನೆ, ಮೇಲ್ಮೈಯ ಬಣ್ಣ, ಹಿಡಿ, ಒರೆ, ಇವಕ್ಕೆಲ್ಲ ಬೇರೆ ಬೇರೆ ಕಾಲ ಕಟ್ಟಬೇಕು. ಆಮೇಲೆ ಅವು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಬೇಕು.

ಮೊದಲು ಅಳತೆ

ಇಸವಿ ಓದುವ ಮುಂಚೆ ಅಳೆಯಿರಿ. ಅಚ್ಚನ್ನು ಮೊದಲು ಓದಿದರೆ ಆಮೇಲಿನ ಅಳತೆಯನ್ನು ಮನಸ್ಸು ಅದಕ್ಕೆ ಒಗ್ಗಿಸಿಕೊಳ್ಳುತ್ತದೆ. ಅಲಗಿನ ಉದ್ದ ಎಂದರೆ ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯ ಮುಂದಿನ ಮುಖದಿಂದ ಮೊನೆಯ ತುದಿಯವರೆಗೆ, ಬಾಗಿಸದ ಉಕ್ಕಿನ ಸ್ಕೇಲಿನಲ್ಲಿ. ಬಟ್ಟೆಯ ಟೇಪ್ ಬೇಡ, ಅದು ಅಲಗಿನ ಮೈಗೆ ಒರಗಿ ಎರಡು ಮೂರು ಮಿಲಿಮೀಟರ್ ಸುಳ್ಳು ಹೇಳುತ್ತದೆ. ನಮ್ಮ ವಸ್ತುವಿನ ಅಲಗು 254 ಮಿ.ಮೀ., ಅಂದರೆ ಸರಿಯಾಗಿ 10 ಅಂಗುಲ. ಹಿಡಿ ಸೇರಿ ಒಟ್ಟು ಸುಮಾರು 14.5 ಅಂಗುಲ.

ಈ ಒಂದು ಅಳತೆಯಿಂದಲೇ ಬಹಳಷ್ಟು ಸಾಧ್ಯತೆಗಳು ಉದುರಿಹೋಗುತ್ತವೆ. ಕ್ರ್ಯಾಗ್ ರೈಫಲ್ಲಿನ ಎಂ1892 (ಎಂ ಎಂದರೆ ಮಾಡೆಲ್) ಬಯೊನೆಟ್‌ಗೆ ಹನ್ನೊಂದೂವರೆ ಅಂಗುಲ ದಾಟಿದ ಅಲಗು. ಎಂ1917ಕ್ಕೆ 17 ಅಂಗುಲ. ಮರದ ಹಿಡಿಗೆ ಅಡ್ಡಲಾಗಿ ಕೊರೆದ ಎರಡು ಗೀರುಗಳಿಂದ ಅದನ್ನು ದೂರದಿಂದಲೇ ಗುರುತಿಸಬಹುದು. ಕಾರ್ಬೈನ್ ಎಂಬ ಗಿಡ್ಡ ರೈಫಲ್ಲಿನ ಎಂ4 ಮತ್ತು ಆಮೇಲೆ ಬಂದ ಎಂ5 ಏಳು ಅಂಗುಲವೂ ಇಲ್ಲದ ಚಾಕುಗಳು. ಅಮೆರಿಕದ ಸೇನೆ 10 ಅಂಗುಲದ ಅಲಗನ್ನು ಗ್ಯಾರಂಡ್ ರೈಫಲ್ಲಿಗಾಗಿ ಒಪ್ಪಿಕೊಂಡದ್ದು 1943ರಲ್ಲಿ. ಆ ಬಯೊನೆಟ್‌ನ ಹೆಸರು ಎಂ1.

ಹಾಗಾದರೆ 1908 ಎಲ್ಲಿಂದ ಬಂತು? ಪ್ರಕರಣ ಶುರುವಾಗುವುದು ಇಲ್ಲಿಂದ.

ಅಚ್ಚುಗಳು

ಅಲಗಿನ ಬುಡದ ಒಂದು ಮಗ್ಗುಲಲ್ಲಿ ಮೇಲಿನಿಂದ ಕೆಳಕ್ಕೆ ಮೂರು ಗುರುತು: ಎಸ್ ಎ ಎಂಬ ಎರಡು ಅಕ್ಷರ, ಜ್ವಾಲೆ ಹೊತ್ತ ಬಾಂಬಿನ ಚಿಕ್ಕ ಮುದ್ರೆ, ಕೆಳಗೆ ಇಸವಿ. ಇನ್ನೊಂದು ಮಗ್ಗುಲಲ್ಲಿ ಯು ಎಸ್, ಅದರ ಜೊತೆಗೆ ಒಂದು ಕ್ರಮಸಂಖ್ಯೆ. ಎಸ್ ಎ ಎಂದರೆ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಆರ್ಮರಿ. ಇದೇ ಬಯೊನೆಟ್ ಮಾಡುತ್ತಿದ್ದ ಇನ್ನೊಂದು ಸರ್ಕಾರಿ ಕಾರ್ಖಾನೆ ಇಲಿನಾಯ್‌ನ ರಾಕ್ ಐಲೆಂಡ್ ಆರ್ಸೆನಲ್. ಅದರ ಗುರುತು ಆರ್ ಐ ಎ. ಬಾಂಬಿನ ಮುದ್ರೆ ಸೇನೆಯ ಶಸ್ತ್ರಾಸ್ತ್ರ ಇಲಾಖೆಯದು.

ಹೀಗೆ ಎರಡೂ ಮಗ್ಗುಲಿಗೆ ಹಂಚಿದ ಅಚ್ಚು, ಅದರಲ್ಲೂ ಕ್ರಮಸಂಖ್ಯೆ, 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿನ 16 ಅಂಗುಲದ ಬಯೊನೆಟ್ ಆದ ಎಂ1905ರ ಹಳೆಯ ತಯಾರಿಕೆಯದೇ. ಎರಡನೇ ಮಹಾಯುದ್ಧದ ತಯಾರಿಕೆಯಲ್ಲಿ ಕ್ರಮಸಂಖ್ಯೆ ಇಲ್ಲ. 1942ರಲ್ಲಿ ಎಂ1905ನ್ನು ಮತ್ತೆ ತಯಾರಿಸತೊಡಗಿದಾಗ ಕೆಲಸ ಆರು ಖಾಸಗಿ ಕಂಪನಿಗಳಿಗೆ ಹೋಯಿತು: ಅಮೆರಿಕನ್ ಫೋರ್ಕ್ ಅಂಡ್ ಹೋ, ಯೂನಿಯನ್ ಫೋರ್ಕ್ ಅಂಡ್ ಹೋ, ಒನೈಡಾ, ಪಾಲ್, ಯುಟಿಕಾ, ವೈಲ್ಡ್. ಹೊಲದ ಕವೆಗೋಲು, ಗುದ್ದಲಿ, ಅಡುಗೆಮನೆಯ ಚಾಕು ಮಾಡುತ್ತಿದ್ದ ಕಂಪನಿಗಳೂ ಇದರಲ್ಲಿವೆ ಎಂಬುದು ಹೆಸರಲ್ಲೇ ಗೊತ್ತಾಗುತ್ತದೆ. ಅವುಗಳ ಅಲಗಿನಲ್ಲಿ ಕಂಪನಿಯ ಮೊದಲಕ್ಷರಗಳು, ಯು ಮತ್ತು ಎಸ್ ನಡುವೆ ಬಾಂಬು, ಕೆಳಗೆ 1942 ಅಥವಾ 1943. ಇವನ್ನು ಸಂಗ್ರಹಕಾರರು ಎಂ1942 ಎನ್ನುತ್ತಾರೆ. ಸೇನೆಗೆ ಇವು ಎಂ1905 ಬಯೊನೆಟ್‌ಗಳೇ. ಚೀಟಿ ಬರೆಯುವಾಗ ಸೇನೆಯ ಹೆಸರನ್ನೇ ಮೊದಲು ಬರೆಯುವುದು ಒಳ್ಳೆಯದು.

ಹೊಸದಾಗಿ 10 ಅಂಗುಲಕ್ಕೇ ತಯಾರಾದ ಎಂ1 ಬಯೊನೆಟ್‌ನಲ್ಲಿ ಇಸವಿ ಇಲ್ಲ. ಕಂಪನಿಯ ಅಕ್ಷರ ಮತ್ತು ಬಾಂಬಿನ ಮುದ್ರೆ, ಅಷ್ಟೇ. ಹಾಗಾಗಿ ಕೈಯಲ್ಲಿರುವುದು 10 ಅಂಗುಲದ ಅಲಗು, ಅದರ ಮೇಲೆ ಇಸವಿ ಇದೆ ಎಂದರೆ ಆ ಅಲಗು ಹುಟ್ಟಿದ್ದು 10 ಅಂಗುಲಕ್ಕಲ್ಲ ಎಂಬ ಅನುಮಾನ ಅಲ್ಲೇ ಗಟ್ಟಿಯಾಗಬೇಕು.

ಇಸವಿಯ ಕೊನೆಯ ಅಂಕಿ ಸುಲಭಕ್ಕೆ ಬಗ್ಗಲಿಲ್ಲ. ತುಕ್ಕು ತಿಂದ ಗುಳಿಯೊಂದು ಅದರ ಮೇಲೇ ಕೂತಿತ್ತು. ನೇರ ಬೆಳಕಿನಲ್ಲಿ 6 ಎಂದರೂ ಆಗುತ್ತಿತ್ತು, 9 ಎಂದರೂ ಆಗುತ್ತಿತ್ತು. ಇಂಥ ಕಡೆ ಬ್ರಷ್ಷು, ಸ್ಟೀಲ್ ವೂಲು ಹಿಡಿದು ಉಜ್ಜಲು ಹೋಗಬಾರದು. ಅಚ್ಚಿನ ಅಂಚು ಒಮ್ಮೆ ಸವೆದರೆ ಪುರಾವೆಯೇ ಹೋಯಿತು. ಕೋಣೆಯ ದೀಪ ಆರಿಸಿ, ಸಣ್ಣ ಟಾರ್ಚನ್ನು ಅಲಗಿನ ಮೈಗೆ ಬಹುತೇಕ ಸಮಾನಾಂತರವಾಗಿ ಹಿಡಿದು, ನಾಲ್ಕು ದಿಕ್ಕಿನಿಂದಲೂ ಒಂದೊಂದು ಫೋಟೊ ತೆಗೆಯಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಸಾಕು. ನೋಡಬೇಕಾದದ್ದು ಗೆರೆಯನ್ನಲ್ಲ, ಗೆರೆಯ ಒಳಗೆ ಉಳಿದ ಉಕ್ಕಿನ ದಿಬ್ಬವನ್ನು. 8 ಒತ್ತಿದಾಗ ಎರಡು ಕುಣಿಕೆಯೊಳಗೂ ಒಂದೊಂದು ದಿಬ್ಬ ಉಳಿಯುತ್ತದೆ. 6ರಲ್ಲಿ ಕೆಳಗೆ ಮಾತ್ರ, 9ರಲ್ಲಿ ಮೇಲೆ ಮಾತ್ರ. ಇಲ್ಲಿ ಬಲಗಡೆಯಿಂದ ಬೆಳಕು ಬಿಟ್ಟಾಗ ಮೇಲಿನ ಕುಣಿಕೆಯ ದಿಬ್ಬ ಪೂರ್ತಿ ಕಂಡಿತು, ಕೆಳಗಿನದರಲ್ಲಿ ಅರ್ಧ ಕಂಡಿತು. ಇನ್ನರ್ಧವನ್ನು ಗುಳಿ ನುಂಗಿತ್ತು. ಅಂಕಿ 8. ಬಯೊನೆಟ್‌ನ ಮಾದರಿಯೇ 1905ರದ್ದಾದ್ದರಿಂದ 1903 ಎಂದು ಓದುವ ಪ್ರಶ್ನೆ ಏಳಲಿಲ್ಲ.

ಕ್ರಮಸಂಖ್ಯೆಯ ಬಗ್ಗೆ ಒಂದು ಎಚ್ಚರಿಕೆ. ಅದು ಬಯೊನೆಟ್‌ನ ಸಂಖ್ಯೆ, ರೈಫಲ್ಲಿನದಲ್ಲ. ‘ಅದೇ ನಂಬರಿನ ರೈಫಲ್ ಸಿಕ್ಕರೆ ಜೋಡಿ ಪೂರ್ತಿ’ ಎಂದು ಹೇಳಿ ಬೆಲೆ ಏರಿಸುವವರಿದ್ದಾರೆ. ಅಂಥ ಜೋಡಿಗೆ ಅರ್ಥವಿಲ್ಲ.

ತೋಡು ಎಲ್ಲಿ ನಿಲ್ಲುತ್ತದೆ

ಇಡೀ ಪ್ರಕರಣದಲ್ಲಿ ಒಂದೇ ಸಾಕ್ಷಿಯನ್ನು ಇಟ್ಟುಕೊಳ್ಳಿ ಎಂದರೆ ಇಟ್ಟುಕೊಳ್ಳಬೇಕಾದದ್ದು ಇದು. ಅಲಗಿನ ಎರಡೂ ಮಗ್ಗುಲಲ್ಲಿ ಉದ್ದಕ್ಕೆ ಒಂದು ತೋಡು ಇರುತ್ತದೆ, ತೂಕ ಇಳಿಸಲು ಮತ್ತು ಬಿಗಿ ಉಳಿಸಲು. ರಕ್ತ ಹರಿಯಲೆಂದು ಮಾಡಿದ್ದು ಎಂಬ ಮಾತು ಎಲ್ಲ ಕಡೆ ಕೇಳಿಸುತ್ತದೆ, ಅದು ತಪ್ಪು. ಹೊಸದಾಗಿ ಮಾಡಿದ ಎಂ1ರಲ್ಲಿ ಈ ತೋಡು ಮೊನೆಗಿಂತ ಸಾಕಷ್ಟು ಮೊದಲೇ ದುಂಡಗಿನ ಕೊನೆಯಾಗಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಮೊನೆಯವರೆಗೆ ತುಂಬು ಉಕ್ಕು.

ನಮ್ಮ ವಸ್ತುವಿನಲ್ಲಿ ತೋಡು ನಿಲ್ಲುವುದೇ ಇಲ್ಲ. ಬುಡದಿಂದ ಹೊರಟು ಒಂದೇ ಆಳದಲ್ಲಿ ಸಾಗಿ, ಮೊನೆಯ ಇಳಿಜಾರನ್ನು ಸೀಳಿಕೊಂಡು ಆಚೆ ಹೋಗುತ್ತದೆ. ತುದಿಯನ್ನು ಎದುರಿನಿಂದ ನೋಡಿದರೆ ಎರಡೂ ಮಗ್ಗುಲಿನ ತೋಡುಗಳಿಂದಾಗಿ ಮೊನೆಯ ನಡು ತೆಳ್ಳಗೆ ಚಿಟಿಕೆ ಹಿಡಿದಂತೆ ಕಾಣುತ್ತದೆ. ಹೊಸದಾಗಿ 10 ಅಂಗುಲದ ಅಲಗು ಮಾಡುವವರು ಮೊನೆಯನ್ನು ಹೀಗೆ ಬಲಹೀನ ಮಾಡುವುದಿಲ್ಲ. 16 ಅಂಗುಲದ ಅಲಗಿಗೆ ಕೊರೆದ ತೋಡಿನ ಮಧ್ಯದಲ್ಲಿ ಅಲಗನ್ನೇ ಕತ್ತರಿಸಿದರೆ ಮಾತ್ರ ಇದು ಹೀಗಾಗುತ್ತದೆ. ಕತ್ತರಿಸಿದ ಜಾಗದಲ್ಲಿ ತೋಡು ಇತ್ತು, ಅಲ್ಲೇ ಹೊಸ ಮೊನೆ ಸಾಣೆ ಹಿಡಿದರು.

ಕತ್ತರಿಸಿದ ಅಲಗಿನ ಮೊನೆ ಎರಡು ಬಗೆ. ಒಂದು ಈಟಿಯಂತೆ ಎರಡೂ ಕಡೆಯಿಂದ ಸಮನಾಗಿ ಕೂಡುವುದು. ಇನ್ನೊಂದು ಬೆನ್ನಿನ ಕಡೆಯಿಂದ ಹಕ್ಕಿಯ ಕೊಕ್ಕಿನಂತೆ ಇಳಿಯುವುದು. ನಮ್ಮದು ಈಟಿಯ ಮೊನೆ. ಎರಡೂ ಸೇನೆಯ ಕೆಲಸವೇ. ಮೊನೆಯ ಆಕಾರ ನೋಡಿ ಒಂದು ಅಸಲಿ, ಇನ್ನೊಂದು ನಕಲಿ ಎನ್ನುವಂತಿಲ್ಲ.

ಯಾಕೆ ಕತ್ತರಿಸಿದರು

1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿಗೆ ಮೊದಲು ಇದ್ದದ್ದು ನಳಿಕೆಯ ಕೆಳಗಿನಿಂದ ಹೊರಗೆಳೆಯುವ ಸಲಾಕೆಯಂಥ ಬಯೊನೆಟ್. ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್‌ಗೆ ಅದು ಹಿಡಿಸಲಿಲ್ಲ. 1905ರ ಜನವರಿಯಲ್ಲಿ ಯುದ್ಧ ಕಾರ್ಯದರ್ಶಿ ಟ್ಯಾಫ್ಟ್‌ಗೆ ಬರೆದ ಕಾಗದದಲ್ಲಿ ಖಾರವಾಗಿಯೇ ಹೇಳಿದರು. ಅದರ ಜಾಗಕ್ಕೆ ಬಂದದ್ದು 16 ಅಂಗುಲದ ಚಾಕುವಿನಂಥ ಎಂ1905. 1936ರಲ್ಲಿ ಗ್ಯಾರಂಡ್ ಬಂದಾಗಲೂ ಇದೇ ಬಯೊನೆಟ್ ಅದಕ್ಕೆ ಸಿಕ್ಕುವಂತೆ ಮಾಡಿದ್ದರಿಂದ 1908ರ ಅಲಗಿಗೂ ಎರಡನೇ ಮಹಾಯುದ್ಧದಲ್ಲಿ ಕೆಲಸ ಉಳಿಯಿತು.

ಆದರೆ ಅಷ್ಟು ಹೊತ್ತಿಗೆ ಸೈನಿಕರು ಹೆಚ್ಚು ಹೆಚ್ಚಾಗಿ ವಾಹನಗಳಲ್ಲಿ ಹೋಗತೊಡಗಿದ್ದರು. ಸೊಂಟಕ್ಕೆ ಇಳಿಬಿಟ್ಟ 16 ಅಂಗುಲದ ಕತ್ತಿ ಹತ್ತಿ ಇಳಿಯುವಾಗ ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. 1943ರಲ್ಲಿ 10 ಅಂಗುಲದ ಎಂ1 ಬಂತು. ಜೊತೆಗೆ ದಾಸ್ತಾನಿನಲ್ಲಿದ್ದ ಹಾಗೂ ಪಡೆಗಳಿಂದ ವಾಪಸು ಬಂದ ಉದ್ದ ಅಲಗುಗಳನ್ನು ಲಕ್ಷಗಟ್ಟಲೆ ಕತ್ತರಿಸುವ ಕೆಲಸ ಶುರುವಾಯಿತು. ಹಾಗೆ ಕತ್ತರಿಸಿದ್ದರ ಅಧಿಕೃತ ಹೆಸರು ಎಂ1905ಇ1. 1908ರದ್ದೂ 1942ರದ್ದೂ ಒಂದೇ ರಾಶಿಯಲ್ಲಿ ಹೋದವು. ಇಂದು 16 ಅಂಗುಲವೇ ಉಳಿದ ಹಳೆಯ ಅಲಗಿಗೆ ಹೆಚ್ಚು ಬೆಲೆ ಯಾಕೆ ಎಂಬುದಕ್ಕೆ ಕಾರಣವೂ ಇದೇ.

ಹೀಗಾಗಿ ಚೀಟಿಯ ಎರಡನೇ ಮಾತು ಬಿದ್ದುಹೋಯಿತು. ಈ ಅಲಗು 1918ರಲ್ಲಿ ಫ್ರಾನ್ಸಿಗೆ ಹೋಗಿತ್ತು ಎಂದೇ ಇಟ್ಟುಕೊಂಡರೂ ಆಗ ಅದು 16 ಅಂಗುಲದ್ದು. ಆ ಯುದ್ಧದ ಕಂದಕ ಚಾಕುಗಳು ಬೇರೆಯೇ ಜಾತಿ: ಮುಮ್ಮೂಲೆ ಅಲಗಿನ 1917ರದ್ದು, ಕಂಚಿನ ಮುಷ್ಟಿಹಿಡಿಯ 1918ರ ಮಾರ್ಕ್ 1. ಜೊತೆಗೆ ಅಂದು ಫ್ರಾನ್ಸ್‌ನಲ್ಲಿದ್ದ ಅಮೆರಿಕನ್ ಪಡೆಗಳಲ್ಲಿ 1903ಕ್ಕಿಂತ ಎಂ1917 ರೈಫಲ್ಲೇ ಹೆಚ್ಚಿತ್ತು, ಅದಕ್ಕೆ ಈ ಬಯೊನೆಟ್ ಕೂರುವುದಿಲ್ಲ.

ಸೇನೆ ಕತ್ತರಿಸಿದ್ದೋ, ಮನೆಯಲ್ಲಿ ಕತ್ತರಿಸಿದ್ದೋ

ತೋಡು ಮೊನೆಯನ್ನು ಸೀಳಿದೆ ಎಂದ ಮಾತ್ರಕ್ಕೆ ಎಂ1905ಇ1 ಎಂದು ಬರೆದುಬಿಡುವಂತಿಲ್ಲ. ಮುರಿದ ಮೊನೆಯ ಉದ್ದ ಬಯೊನೆಟ್ಟನ್ನು ಯಾರೋ ಗ್ರೈಂಡರ್‌ಗೆ ಹಿಡಿದು ಬೇಟೆಯ ಚಾಕು ಮಾಡಿಕೊಂಡಿದ್ದರೂ ತೋಡು ಹಾಗೆಯೇ ಕಾಣುತ್ತದೆ. ಬೇರ್ಪಡಿಸಲು ಮೂರು ಕಡೆ ನೋಡಬೇಕಾಯಿತು.

ಒಂದು, ಅಳತೆ. ಮನೆಯ ಕೆಲಸ 10 ಅಂಗುಲಕ್ಕೆ ಸರಿಯಾಗಿ ನಿಲ್ಲುವುದು ಅಪರೂಪ. ಒಂಬತ್ತೂ ಮುಕ್ಕಾಲೋ ಹತ್ತೂ ಕಾಲೋ ಆಗಿರುತ್ತದೆ. ಎರಡು ಮಗ್ಗುಲಿನ ಇಳಿಜಾರೂ ಒಂದೇ ಎತ್ತರದಲ್ಲಿ ಶುರುವಾಗುವುದಿಲ್ಲ. ನಮ್ಮದರಲ್ಲಿ ಎರಡೂ ಸಮ ಇದ್ದವು.

ಎರಡು, ಉಕ್ಕಿನ ಹದ. ಗ್ರೈಂಡರ್‌ಗೆ ನೀರು ತೋರಿಸದೆ ಒತ್ತಿ ಹಿಡಿದರೆ ತೆಳ್ಳಗಿನ ಮೊನೆ ಕ್ಷಣದಲ್ಲಿ ಕಾಯುತ್ತದೆ. 220 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಒಣಹುಲ್ಲಿನ ಹಳದಿ, 300ರ ಹತ್ತಿರ ನೀಲಿ ಬಣ್ಣ ಏರುತ್ತದೆ. ಆ ಬಣ್ಣವನ್ನು ಉಜ್ಜಿ ತೆಗೆದಿದ್ದರೂ ತೋಡಿನ ಮೂಲೆಯಲ್ಲಿ ಸ್ವಲ್ಪ ಉಳಿದಿರುತ್ತದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಮೂರನೆಯದೇ ನಿಜವಾದ ತೀರ್ಪು: ಮೇಲ್ಮೈ. ಎಂ1905ರ ಮೊದಮೊದಲ ಅಲಗುಗಳು ಬಿಳಿ ಉಕ್ಕಿನ ಹೊಳಪಿನವು. ಎರಡನೇ ಮಹಾಯುದ್ಧದಲ್ಲಿ ಕತ್ತರಿಸಿದ ಮೇಲೆ ಇಡೀ ವಸ್ತುವನ್ನು ಪಾರ್ಕರೈಸ್ ಮಾಡುತ್ತಿದ್ದರು. ಎಂದರೆ ಬಿಸಿಯಾದ ಫಾಸ್ಫೇಟ್ ದ್ರಾವಣದಲ್ಲಿ ಮುಳುಗಿಸಿ ಮೈಮೇಲೆ ಹೊಳಪಿಲ್ಲದ ಬೂದುಗಪ್ಪು ಪದರ ಬೆಳೆಸುವುದು. ಅದು ಬಣ್ಣ ಬಳಿದಂತಲ್ಲ, ಉಕ್ಕಿಗೇ ಹತ್ತಿಕೊಂಡ ಪದರ. ಬೆರಳಿಗೆ ತುಸು ಒರಟು, ಎಣ್ಣೆ ಹೀರುತ್ತದೆ.

ನಮ್ಮ ಅಲಗಿನಲ್ಲಿ ಆ ಪದರ ಬುಡದಿಂದ ಹೊರಟು ಹೊಸ ಮೊನೆಯ ಇಳಿಜಾರಿನ ಮೇಲೂ ಎಲ್ಲೂ ತುಂಡಾಗದೆ ಹರಿದಿತ್ತು. ಅಂದರೆ ಮೊದಲು ಕತ್ತರಿಸಿದ್ದು, ಆಮೇಲೆ ಪದರ. ಮನೆಯಲ್ಲಿ ಕತ್ತರಿಸಿದ್ದರೆ ಪದರ ಇಳಿಜಾರಿನ ಅಂಚಿಗೆ ನಿಂತು ಅಲ್ಲಿಂದ ಮುಂದೆ ಬರಿ ಉಕ್ಕು ಹೊಳೆಯುತ್ತಿತ್ತು. ಇದಕ್ಕಿಂತಲೂ ಗಟ್ಟಿಯಾದ ಸಾಕ್ಷಿ ಇಸವಿಯ ಮೇಲೆ ಕೂತಿದ್ದ ಆ ತುಕ್ಕಿನ ಗುಳಿಯಲ್ಲೇ ಸಿಕ್ಕಿತು. ಮಸೂರದಲ್ಲಿ ನೋಡಿದರೆ ಗುಳಿಯ ತಳವೂ ಅದೇ ಬೂದುಗಪ್ಪು, ಅದರೊಳಗೆ ಕೆಂಪು ತುಕ್ಕಿನ ಕಣವಿಲ್ಲ. ತುಕ್ಕು ಹಿಡಿದದ್ದು ಮೊದಲು, ಶುದ್ಧ ಮಾಡಿ ಪದರ ಕೊಟ್ಟದ್ದು ನಂತರ. ಅಚ್ಚಿನ ಅಕ್ಷರಗಳ ಅಂಚು ಸ್ವಲ್ಪ ಮೊಂಡಾಗಿತ್ತು. ಪಾರ್ಕರೈಸ್ ಮಾಡುವ ಮೊದಲು ಮರಳು ಊದಿ ಶುದ್ಧ ಮಾಡುವುದರಿಂದ ಹಾಗಾಗುತ್ತದೆ. ಹಾಗೆಂದು ಪದರಕ್ಕೆ ‘1943’ ಎಂದು ಇಸವಿ ಕಟ್ಟುವುದೂ ತಪ್ಪು. ಯುದ್ಧ ಮುಗಿದ ಮೇಲಿನ ರಿಪೇರಿಯಲ್ಲಿ ಇನ್ನೊಮ್ಮೆ ಮುಳುಗಿಸಿದ್ದರೂ ಇದೇ ರೀತಿ ಕಾಣುತ್ತದೆ. ‘1943ರ ನಂತರ’ ಎನ್ನುವವರೆಗೆ ಮಾತ್ರ ಹೋಗಬಹುದು.

ಹಿಡಿ ಮತ್ತು ಒರೆ

ಹಿಡಿಯ ವಿಷಯ ಬೇಗ ಮುಗಿಯುತ್ತದೆ. 1908ರಲ್ಲಿ ಇದಕ್ಕೆ ಇದ್ದದ್ದು ನುಣುಪಾದ ವಾಲ್‌ನಟ್ ಮರದ ಹಲ್ಲೆಗಳು, ಅಂದರೆ ಹಿಡಿಯ ಎರಡು ಬದಿಗೆ ಕೂರಿಸುವ ಪಟ್ಟಿಗಳು. ಈಗಿರುವುದು ಅಡ್ಡಗೀರುಗಳ ಕಪ್ಪು ಪ್ಲಾಸ್ಟಿಕ್, ಎರಡನೇ ಮಹಾಯುದ್ಧದ್ದು. ಕತ್ತರಿಸಿದ ಬಯೊನೆಟ್‌ಗೆ ಇದು ಹೊಂದುವ ಹಿಡಿಯೇ. ‘ಮೂಲದ್ದಲ್ಲ’ ಎಂದು ಕಿತ್ತುಹಾಕಿ ಮರದ್ದು ಕೂರಿಸಿದರೆ ಎಂದೂ ಇರದಿದ್ದ ವಸ್ತುವೊಂದನ್ನು ಹುಟ್ಟಿಸಿದಂತೆ. ಮಾರುಕಟ್ಟೆಯಲ್ಲಿ ಹಾಗೆ ‘ಹಳೆಯದಾಗಿಸಿದ’ ಗಿಡ್ಡ ಅಲಗುಗಳು ಕಾಣುತ್ತವೆ. ಮರದ ಹಿಡಿ, 10 ಅಂಗುಲದ ಅಲಗು ಒಟ್ಟಿಗೆ ಕಂಡರೆ ಸ್ಕ್ರೂವಿನ ಗೀರು ನೋಡಿ. ಎರಡೂ ಹಲ್ಲೆಗಳನ್ನು ಹಿಡಿದಿರುವುದು ಒಂದೇ ಸ್ಕ್ರೂ. ಅದರ ಗೀರಿನ ತುಟಿ ಹೊಸದಾಗಿ ಹೊಳೆಯುತ್ತಿದ್ದರೆ ಇತ್ತೀಚೆಗೆ ಯಾರೋ ಬಿಚ್ಚಿದ್ದಾರೆ. ನಮ್ಮದನ್ನು ಬಿಚ್ಚಲಿಲ್ಲ. ಬೇಕಾದ ಉತ್ತರ ಹೊರಗೇ ಇತ್ತು, ಹೊಂದದ ಸ್ಕ್ರೂಡ್ರೈವರ್ ಒಮ್ಮೆ ಜಾರಿದರೆ ಎಂಬತ್ತು ವರ್ಷದ ಪ್ಲಾಸ್ಟಿಕ್ ಅಂಚು ಒಡೆಯುತ್ತದೆ.

ಒರೆ ಎಂ7: ಫೈಬರ್‌ಗ್ಲಾಸ್ ಮೈ, ಉಕ್ಕಿನ ಬಾಯಿ, 10 ಅಂಗುಲದ ಅಲಗಿಗೆಂದೇ ಮಾಡಿದ್ದು. 16 ಅಂಗುಲದ್ದಕ್ಕೆ ಇದೇ ಜಾತಿಯ ಉದ್ದ ಒರೆಯ ಹೆಸರು ಎಂ3. ಇಲ್ಲಿ ಹೆಸರಿನ ಗೊಂದಲ ಬಹಳ. ವಿಯೆಟ್ನಾಂ ಕಾಲದ ಎಂ16 ರೈಫಲ್ಲಿನ ಬಯೊನೆಟ್‌ನ ಹೆಸರೂ ಎಂ7. ಈ ಒರೆಗೂ ಅದಕ್ಕೂ ಸಂಬಂಧವಿಲ್ಲ. ಗ್ಯಾರಂಡ್ ರೈಫಲ್ಲೂ ಎಂ1, ಅದರ ಬಯೊನೆಟ್ಟೂ ಎಂ1, ಕಾರ್ಬೈನೂ ಎಂ1. ಆದ್ದರಿಂದ ಸಂಖ್ಯೆಯ ಜೊತೆ ವಸ್ತುವಿನ ಹೆಸರನ್ನು ಬಿಡದೆ ಬರೆಯಬೇಕು. 1908ರಲ್ಲಿ ಹೊರಬಿದ್ದಾಗ ಈ ಅಲಗಿಗೆ ಇದ್ದಿರಬಹುದಾದದ್ದು ಮರದ ಗೂಡಿಗೆ ಹಸಿದೊಗಲು ಸುತ್ತಿದ ಉದ್ದ ಒರೆ. ಎಂ7 ಒರೆ ನಮ್ಮ ತೀರ್ಮಾನಕ್ಕೆ ಹೊಂದುತ್ತದೆ, ಆದರೆ ಅದನ್ನು ಸಾಕ್ಷಿ ಎಂದು ಎಣಿಸಲಿಲ್ಲ. ಒರೆ ಬದಲಾಯಿಸಲು ಒಂದು ಕ್ಷಣ ಸಾಕು.

ಬರೆದ ಹೊಸ ಚೀಟಿ

‘ಎಂ1905ಇ1 ಬಯೊನೆಟ್. ಅಲಗು: ಸ್ಪ್ರಿಂಗ್‌ಫೀಲ್ಡ್ ಆರ್ಮರಿ, 1908, ಕ್ರಮಸಂಖ್ಯೆ ಇದೆ. 16ರಿಂದ 10 ಅಂಗುಲಕ್ಕೆ ಎರಡನೇ ಮಹಾಯುದ್ಧ ಕಾಲದಲ್ಲಿ, 1943ರಲ್ಲಿ ಅಥವಾ ಬಳಿಕ, ಕತ್ತರಿಸಿದ್ದು, ಈಟಿ ಮೊನೆ. ಪಾರ್ಕರೈಸ್ ಪದರ ಕತ್ತರಿಸಿದ ನಂತರದ್ದು. ಹಿಡಿ: ಕಪ್ಪು ಪ್ಲಾಸ್ಟಿಕ್, ಬದಲಿ. ಒರೆ: ಎಂ7, ಯಾವಾಗ ಜೊತೆಯಾಯಿತು ಎಂಬುದು ತಿಳಿದಿಲ್ಲ.’

ಯಾವ ಯುದ್ಧರಂಗ, ಯಾವ ಸೈನಿಕ ಎಂಬುದನ್ನು ಬರೆಯಲಿಲ್ಲ. ವಸ್ತುವಿನ ಮೇಲೆ ಅದಕ್ಕೆ ಗುರುತಿಲ್ಲ.

ಶುಚಿ ಮಾಡಿದ್ದು ತೀರಾ ಕಡಿಮೆ. ಮೆತ್ತನೆಯ ಹತ್ತಿ ಬಟ್ಟೆಗೆ ಎರಡು ಹನಿ ತೆಳು ಮೆಷಿನ್ ಎಣ್ಣೆ, ಅಲಗಿನ ಮೇಲೆ ಒಂದು ಸಲ, ಮಿಕ್ಕಿದ್ದನ್ನು ಒರೆಸಿ ತೆಗೆಯುವುದು. ಪ್ಲಾಸ್ಟಿಕ್ ಹಿಡಿಗೆ ಥಿನ್ನರ್, ಅಸಿಟೋನ್ ಸೋಕಿಸಬಾರದು. ತುಕ್ಕು ತೆಗೆಯುವ ಆಮ್ಲದ ದ್ರಾವಣ ಇಲ್ಲಿ ದೊಡ್ಡ ಅಪಾಯ: ಅದು ತುಕ್ಕಿನ ಜೊತೆ ಫಾಸ್ಫೇಟ್ ಪದರವನ್ನೂ ತಿಂದುಬಿಡುತ್ತದೆ, ಮೇಲೆ ಹೇಳಿದ ಸಾಕ್ಷಿಯೆಲ್ಲ ತೊಳೆದುಹೋಗುತ್ತದೆ. ಅಲಗನ್ನು ಒರೆಯೊಳಗೆ ಬಿಡದೆ, ಎರಡನ್ನೂ ಪಕ್ಕಪಕ್ಕ ಇಡುವುದು ಒಳ್ಳೆಯದು. ಒರೆಯೊಳಗಿನ ತೇವ ಕಣ್ಣಿಗೆ ಕಾಣುವುದಿಲ್ಲ.

ಅಮೆರಿಕದಲ್ಲಿ ಇಂಥದ್ದನ್ನು ಕೊಂಡು ಊರಿಗೆ ತರಲು ಹೊರಡುವ ಕನ್ನಡಿಗರು ಒಂದು ವಿಷಯ ತಿಳಿದಿರಬೇಕು. ಭಾರತದ ಶಸ್ತ್ರ ನಿಯಮಗಳ ಪಟ್ಟಿ ಬಯೊನೆಟ್ಟನ್ನು ಹೆಸರಿಸಿಯೇ ಹೇಳುತ್ತದೆ, ಅದರಲ್ಲಿ ಅಲಗಿಗೆ ಕೊಟ್ಟ ಗಡಿ 9 ಅಂಗುಲ. ಈ ಅಲಗು ಅದನ್ನು ಒಂದು ಅಂಗುಲ ಮೀರುತ್ತದೆ. ಪರವಾನಗಿ ಮತ್ತು ಕಸ್ಟಮ್ಸ್ ವಿಚಾರ ಲಿಖಿತವಾಗಿ ಬಗೆಹರಿಯುವ ತನಕ ವಸ್ತುವನ್ನು ಅಲ್ಲೇ ಬಿಟ್ಟು, ನಾಲ್ಕು ದಿಕ್ಕಿನ ಬೆಳಕಿನಲ್ಲಿ ತೆಗೆದ ಅಚ್ಚಿನ ಫೋಟೊ, ಮೊನೆಯ ಫೋಟೊ, ಅಳತೆಯ ಪಟ್ಟಿ ಇಷ್ಟನ್ನು ತಂದರೂ ಅಭ್ಯಾಸಕ್ಕೆ ಸಾಕಾಗುತ್ತದೆ.